ಬೈಕಿನ ಬ್ಯಾಟರಿಗೆ ಬೇಗಡೆಯ ಫ್ಯೂಸ್

ಹತ್ತನೇ ಕ್ಲಾಸಿನ ಮಕ್ಕಳಿಗೆ ಫ್ಯೂಸಿನ ಪಾಠ ಮಾಡುವವನು ನಾನು. ಕಳೆದ ತಿಂಗಳು ಕಾಪುವಿನ ಒಂದು ಅಂಗಳದಲ್ಲಿ ನನ್ನದೇ ಬೈಕಿನ ಸೀಟಿನಡಿಯಿಂದ ಹೊಗೆ ಎದ್ದಾಗ ಒಂದು ವಿಷಯ ಗೊತ್ತಾಯಿತು. ಇಷ್ಟು ವರ್ಷ ಆ ಪಾಠ ತಲೆಗೆ ಹೋಗದೆ ಉಳಿದ ವಿದ್ಯಾರ್ಥಿ ಮಾಷ್ಟ್ರೇ!

ನನ್ನ ಬೈಕಿನ ಬಗ್ಗೆ ಈ ಅಂಕಣದ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬ್ಯಾಟರಿಯಿಂದ ಎರಡು ವಯರ್ ಎಳೆದು ಸೀಟಿನಡಿಯಿಂದ ಹೊರಗೆ ಬಿಟ್ಟಿದ್ದೇನೆ. ಬ್ಯಾಟರಿ ಇಳಿದರೆ ಅದರಿಂದಲೇ ಚಾರ್ಜ್. ಮನೆಯಲ್ಲಿ ಕರೆಂಟ್ ಹೋದರೆ ಅದರಿಂದಲೇ ಸಣ್ಣ ಬಲ್ಬು, ರೇಡಿಯೋ. (ಹೆಂಡತಿಯ ಪ್ರಕಾರ ಆ ಬೈಕು ಓಡುವುದೊಂದು ಬಿಟ್ಟು ಉಳಿದೆಲ್ಲ ಕೆಲಸ ಮಾಡುತ್ತದೆ.) ನಡುವೆ ಒಂದು ಗಾಜಿನ ಫ್ಯೂಸ್.

ಶನಿವಾರ ಬೆಳಗಿನ ಕ್ಲಾಸ್ ಮುಗಿಯುವಾಗ ಶಾಲೆಗೆ ಫೋನ್ ಬಂತು. ಹಿಂದೆ ನಮ್ಮಲ್ಲಿ ಹೊಲಿಗೆ ಕಲಿಸುತ್ತಿದ್ದ ಲಿಲ್ಲಿಬಾಯಿ. "ಮಾಷ್ಟ್ರೆ, ನಿಮ್ಮ ಬೈಕಲ್ಲಿ ಕರೆಂಟ್ ಉಂಟಲ್ವಾ? ಒಮ್ಮೆ ಬರ್ಲಿಕ್ಕೆ ಆಗ್ತದಾ?"

ಅವರ ಗಂಡ ಫೆಲಿಕ್ಸ್ ಮಸ್ಕತ್‌ನಲ್ಲಿದ್ದಾರೆ. ಎಂಟು ತಿಂಗಳ ಮಗಳನ್ನು ಇನ್ನೂ ನೋಡಿಲ್ಲ. ಗಂಡ ಹೆಂಡತಿ ಮಾತಾಡುವುದು ಕ್ಯಾಸೆಟ್‌ನಲ್ಲಿ. ಟೇಪಿನಲ್ಲಿ ತುಂಬಿಸಿ, ಊರಿಂದ ಹೋಗುವವರ ಕೈಯಲ್ಲಿ ಕಳಿಸುವುದು. ಹೋದ ಸಲ ಸೆಲ್ ಇಳಿದಿದ್ದಾಗ ರೆಕಾರ್ಡ್ ಮಾಡಿದ್ದರು. ಅಲ್ಲಿ ಹೊಸ ಸೆಲ್ ಹಾಕಿ ಕೇಳಿದರೆ ಟೇಪು ಓಡಿದ್ದೇ ಓಡಿದ್ದು, ಸ್ವರವೆಲ್ಲ ಕೀಚಲು. "ಮಾತಾಡಿದ್ದು ನೀನೋ ಗುಬ್ಬಿಯೋ?" ಎಂದು ಫೆಲಿಕ್ಸ್ ಬರೆದಿದ್ದರಂತೆ. ಈ ಸಲ ಸರಿಯಾಗಿ ಕಳಿಸಬೇಕೆಂದರೆ, ವಯರಿನ ಮೇಲೆ ತೆಂಗಿನ ಮಡಲು ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ಊರವರೆಲ್ಲ ಟಾರ್ಚಿಗೆಂದು ಕೊಂಡು ಅಂಗಡಿಯಲ್ಲಿ ಸೆಲ್ ಖಾಲಿ. ಕ್ಯಾಸೆಟ್ ಕೊಂಡೊಯ್ಯುವವರ ಬೊಂಬಾಯಿ ಬಸ್ಸು ಉಡುಪಿಯಿಂದ ನಾಲ್ಕು ಗಂಟೆಗೆ.

ಕಾರ್ಕಳದಿಂದ ಕಾಪುವಿಗೆ ಹೊರಟೆ. ಟೇಪಿಗೆ ಬೇಕಾದದ್ದು ಆರು ವೋಲ್ಟ್, ನನ್ನ ಬ್ಯಾಟರಿಯೂ ಆರು ವೋಲ್ಟ್. ಇದಕ್ಕಿಂತ ಸುಲಭದ ಕೆಲಸ ಉಂಟೇ?

ಅಂಗಳದಲ್ಲಿ ಬೈಕು ನಿಲ್ಲಿಸಿ ನೋಡಿದರೆ ದಾರಿಯಲ್ಲೇ ಫ್ಯೂಸ್ ಹೋಗಿತ್ತು. ಜೇಬಿನಲ್ಲಿದ್ದ ಇನ್ನೊಂದನ್ನು ಹಾಕಿದೆ. ಅದೂ ಹೋಯಿತು. ಬುದ್ಧಿ ಇದ್ದವನಾದರೆ ಯಾಕೆ ಎಂದು ಕೇಳಬೇಕಿತ್ತು. ನಾನು ವಾಚು ನೋಡಿದೆ. ಎರಡೂವರೆ. ಸಿಗರೇಟ್ ಪ್ಯಾಕಿನ ಬೇಗಡೆ ತೆಗೆದು, ಹೋದ ಫ್ಯೂಸಿಗೆ ದಪ್ಪಗೆ ಸುತ್ತಿ ಒಳಗೆ ತುರುಕಿದೆ. (ನಗಬೇಡಿ. ನಿಮ್ಮ ಸ್ಕೂಟರಿನ ಫ್ಯೂಸನ್ನೂ ಒಮ್ಮೆ ತೆಗೆದು ನೋಡಿ.) ಫ್ಯೂಸ್ ಹೋದರೆ ನಮಗೆ ಸಿಟ್ಟು ಬರುವುದು ಫ್ಯೂಸಿನ ಮೇಲೆಯೇ.

ಟೇಪಿಗೆ ಇನ್ನೂ ಜೋಡಿಸಿರಲಿಲ್ಲ, ಪುಣ್ಯ. ವಯರ್ ಕರಗುವ ವಾಸನೆ, ಹಿಂದೆಯೇ ಹೊಗೆ. ಲಿಲ್ಲಿಬಾಯಿ ಮಗುವನ್ನೆತ್ತಿಕೊಂಡು ಹಿಂದೆ ಸರಿದರು. ನಾನು ನಿಂತಲ್ಲೇ ನಿಂತೆ. ಓಡಿ ಬಂದದ್ದು ಆಚೆಮನೆಯ ದೂಮಣ್ಣ. ಮೀನಿನ ಬೋಟಿನ ಇಂಜಿನ್ ನೋಡಿಕೊಳ್ಳುವವನು. ಹೆಗಲ ಬೈರಾಸನ್ನು ಕೈಗೆ ಸುತ್ತಿಕೊಂಡು ಬ್ಯಾಟರಿಯ ವಯರನ್ನು ಎಳೆದು ಬಿಸಾಡಿದ.

"ಎಂತ ಮಾಷ್ಟ್ರೆ, ಮೇಲೆ ಪೆಟ್ರೋಲ್ ಟಾಂಕಿ ಉಂಟು, ಕೆಳಗೆ ನೀವು ಬೇಗಡೆ ಸುತ್ತಿದ್ದೀರಿ?"

"ಎರಡು ಫ್ಯೂಸ್ ಹೋಯಿತು ದೂಮಣ್ಣ. ಈಗಿನದ್ದೆಲ್ಲ ಕಳಪೆ."

"ಕಳಪೆ ಅಲ್ಲ. ಅದು ಎರಡು ಸಲ ಹೇಳಿತು, ನೀವು ಕೇಳಲಿಲ್ಲ. ಮತ್ತೆ ಅದರ ಬಾಯಿ ಮುಚ್ಚಿದಿರಿ."

ಸೀಟು ಎತ್ತಿ ತೋರಿಸಿದ. ಸೀಟಿನಡಿ ಸಿಕ್ಕಿ ವಯರಿನ ಸಿಪ್ಪೆ ಎದ್ದು, ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಸುಟ್ಟ ಭಾಗ ಕತ್ತರಿಸಿ, ಬೇರೆ ವಯರ್ ಸೇರಿಸಿ, ಬೋಟಿನ ಪೆಟ್ಟಿಗೆಯಿಂದ ಸರಿಯಾದ ಫ್ಯೂಸ್ ತಂದು ಹಾಕಿದ. ಟೇಪಿನ ಕೆಂಪು ದೀಪ ಹತ್ತಿತು. ಗಂಟೆ ಮೂರು.

ಲಿಲ್ಲಿಬಾಯಿ ಮೆಟ್ಟಿಲಲ್ಲಿ ಕುಳಿತು ಕೊಂಕಣಿಯಲ್ಲಿ ಶುರು ಮಾಡಿದರು. ನಾವೆಲ್ಲ ಸೌಖ್ಯ, ಮಗು ಸೌಖ್ಯ. ಮಗು ಟೇಪನ್ನು ಬಡಿದು ಏನೋ ಕೂಗಿತು. ಅವರು ಅದನ್ನು ಮಡಿಲಿಗೆ ಎಳೆದುಕೊಂಡರು. ಮತ್ತೆ ಮಾತು ಹೊರಟಾಗ ಸ್ವರ ಬೇರೆಯಾಗಿತ್ತು. ಮಗುವಿಗೆ ಜ್ವರ ಬಂದರೆ ಹೆದರಿಕೆಯಾಗುತ್ತದೆ, ಒಬ್ಬಳಿಂದ ಆಗುವುದಿಲ್ಲ, ಒಮ್ಮೆ ಬಂದು ಹೋಗಿ ಎನ್ನುತ್ತ ಅತ್ತೇಬಿಟ್ಟರು.

ನಾನು ಟೇಪು ನಿಲ್ಲಿಸಿದೆ. "ಇದನ್ನು ಅಳಿಸಿ ಪುನಃ ಮಾಡುವ. ಪಾಪ, ಅಲ್ಲಿ ಅವರಿಗೆ ಬೇಸರ ಆಗ್ತದೆ."

"ಬೇಡ ಮಾಷ್ಟ್ರೆ, ಇರ್ಲಿ. ಅವರು ಹೋದ ದಿನದಿಂದ ಸೌಖ್ಯ ಅಂತಲೇ ಹೇಳಿದ್ದೇನೆ."

ನನಗೆ ನಾಚಿಕೆಯಾಯಿತು. ಬೈಕಿಗೆ ಮಾಡಿದ್ದನ್ನೇ ಅರ್ಧ ಗಂಟೆಯೊಳಗೆ ಒಬ್ಬ ಹೆಂಗಸಿಗೆ ಮಾಡಲು ಹೊರಟಿದ್ದೆನಲ್ಲ! ಕ್ಯಾಸೆಟ್ ತೆಗೆದುಕೊಂಡು ಉಡುಪಿಗೆ ಬೈಕು ಓಡಿಸಿದೆ. ಬಸ್ಸು ಹೊರಡುವ ಮೊದಲು ತಲುಪಿಸಿಯೂ ಬಿಟ್ಟೆ.

ಈ ವಾರ ಲಿಲ್ಲಿಬಾಯಿಯ ಫೋನ್ ಬಂತು. ಫೆಲಿಕ್ಸ್‌ಗೆ ರಜೆ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಾರೆ. ಕ್ಯಾಸೆಟ್ ಹಾಕಿದಾಗ ರೂಮಿನಲ್ಲಿ ನಮ್ಮ ಕಡೆಯ ಇನ್ನೂ ಮೂವರು ಇದ್ದರಂತೆ.

ಮರುದಿನ ಆ ಮೂವರೂ ತಮ್ಮ ತಮ್ಮ ಮನೆಗೆ ಕಾಗದ ಬರೆದರಂತೆ: "ನಿಜ ಹೇಳಿ, ಹೇಗಿದ್ದೀರಿ?"