ಕಿಟಕಿಯವರೆಗಿನ ನಡಿಗೆ

ನನ್ನ ತಮ್ಮನ ಮಗಳು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ಮದುವೆಯಾಗಿ, ಮಗಳನ್ನು ಶಾಲೆಗೆ ಸೇರಿಸಿ, ತಲೆಯಲ್ಲಿ ಬಿಳಿ ಕೂದಲು ಇಣುಕುವ ಹೊತ್ತಿಗೆ ಮತ್ತೆ ಕಾಲೇಜಿಗೆ ಹೊರಟಳು. ಕೆಲಸದಲ್ಲಿರುವ ಎಂಜಿನಿಯರುಗಳಿಗೆಂದೇ ವಾರದ ಕೊನೆಯಲ್ಲಿ ನಡೆಸುವ ಸ್ನಾತಕೋತ್ತರ ತರಗತಿ ಅದು. ಯಂತ್ರ ಗೊತ್ತಿದ್ದವರಿಗೆ ಕೆಲಸವನ್ನೂ ಕೆಲಸಗಾರರನ್ನೂ ನಡೆಸುವುದು ಹೇಗೆಂದು ಅಲ್ಲಿ ಕಲಿಸುತ್ತಾರಂತೆ. ನಾನೋ, ಸುಟ್ಟ ಮೋಟಾರು ಬಿಚ್ಚಿ ಬಿಚ್ಚಿಯೇ ತಂತಿ ಸುತ್ತುವ ವೈಂಡಿಂಗ್ ಕಲಿತು ಅಂಗಡಿ ಇಟ್ಟವನು. ಸುಮ್ಮನಿರಲಾಗದೆ, "ಜನರನ್ನ ನಡೆಸೋಕೂ ಪುಸ್ತಕ ಓದ್ಬೇಕೇನೇ?" ಎಂದು ಕೆಣಕಿದೆ.

"ದೊಡ್ಡಪ್ಪ, ನಿಮ್ಮ ಅಂಗಡೀಲಿರೋದು ನೀವೊಬ್ರೇ. ನಿಮ್ಮನ್ನ ನೀವು ನಡೆಸ್ಕೊಂಡ್ರೆ ಆಯ್ತು," ಎಂದು ನನ್ನ ಬಾಯಿಗೆ ಬೀಗ ಹಾಕಿದಳು.

ಅವಳ ಗಂಡ ಒಲೆಯ ಮುಂದಿನಿಂದಲೇ, "ಇವಳು ಪಾಸಾಗೋ ಹೊತ್ತಿಗೆ ನಾನೂ ಅಡುಗೇಲಿ ಪಾಸಾಗ್ತೀನಿ ದೊಡ್ಡಪ್ಪ, ಸದ್ಯಕ್ಕೆ ಉಪ್ಪಿನಲ್ಲಿ ಫೇಲು," ಅಂದ.

ಅವಳ ಕಾರ್ಖಾನೆಯಲ್ಲಿ ಒಬ್ಬ ಹಳೆಯ ಫಿಟ್ಟರ್ ಇದ್ದಾನೆ, ನನ್ನ ಗೆಳೆಯ. ಪಂಪಿನೊಳಗೆ ತಿರುಗುವ ಶಾಫ್ಟಿಗೆ ಬೇರಿಂಗ್ ಕೂರಿಸುವ ಮುಂಚೆ ಪ್ರತಿಯೊಂದನ್ನೂ ಗೇಜು ಹಿಡಿದು ಅಳೆಯುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಡುವವನಲ್ಲ ಎಂದು ಅವನಿಗೆ 'ಕೂದಲೆಳೆ' ಎಂದೇ ಅಡ್ಡಹೆಸರು. ಹುಡುಗಿ ಹೊಸದಾಗಿ ಸೇರಿದಾಗ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನು ಅವನೇ. ಅವಳು ಅವನನ್ನು ಮಾಮ ಎನ್ನುತ್ತಾಳೆ.

ಓದಿನ ಕೊನೆಗೆ ಒಂದು ಪ್ರಾಜೆಕ್ಟ್ ಮಾಡಬೇಕು. ತಾವು ದುಡಿಯುವ ಜಾಗದಲ್ಲೇ ಒಂದು ತೊಂದರೆಯನ್ನು ಹಿಡಿದು, 'ಯಾಕೆ?' ಎಂದು ಕೇಳುತ್ತ, ಬಂದ ಉತ್ತರಕ್ಕೆ ಮತ್ತೆ 'ಯಾಕೆ?' ಎನ್ನುತ್ತ ಬೇರಿನವರೆಗೂ ಇಳಿಯಬೇಕು. ಅವಳ ವಿಭಾಗದಲ್ಲಿ ಕೆಲಸ ತಡವಾಗುತ್ತಿದ್ದುದು ಕೂದಲೆಳೆಯ ಮೇಜಿನ ಹತ್ತಿರ. ಅವನು ಕೆಲಸ ಮಾಡುವುದನ್ನು ಫೋನಿನಲ್ಲಿ ಚಿತ್ರ ತೆಗೆಯಬೇಕಿತ್ತು.

"ಮಾಮ, ನಿಮ್ಮ ಕೆಲಸಾನ ವಿಡಿಯೊ ತೆಗೀಲಾ? ಕಾಲೇಜಲ್ಲಿ ತೋರಿಸೋಕೆ."

"ನನ್ನನ್ನಾ? ನಾಳೆ ತೆಗಿಯಮ್ಮ. ಗಡ್ಡ ಕೆರ್ಕೊಂಡು ಬರ್ತೀನಿ."

ಮರುದಿನ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದ. ಸಂಜೆ ನನ್ನ ಅಂಗಡಿಗೂ ಬಂದು, "ನಿನ್ನ ತಮ್ಮನ ಮಗಳು ನನ್ನ ಕೈಕೆಲಸಾನ ಕಾಲೇಜಲ್ಲಿ ಪಾಠ ಮಾಡ್ತಾಳಂತೆ ಕಣೋ. ನಿನ್ನ ಮೋಟಾರು ಕೇಳೋರಿಲ್ಲ," ಎಂದು ಎದೆಯುಬ್ಬಿಸಿ ಹೋದ. ಕೆಲಸ ತಡವಾಗುವುದಕ್ಕೆ ಮಾದರಿಯಾಗಿ ಅದನ್ನು ತೋರಿಸುತ್ತೇನೆಂದು ಅವಳು ಅವನಿಗೆ ಹೇಳಿರಲಿಲ್ಲ.

ತರಗತಿಯಲ್ಲಿ ಅವಳು ಆ ಚಿತ್ರ ಹಾಕಿದಳು. ಜೊತೆಗೆ, ಅವನು ನಡೆದಾಡಿದ ದಾರಿಯನ್ನೆಲ್ಲ ಕಾರ್ಖಾನೆಯ ನಕ್ಷೆಯ ಮೇಲೆ ಕೆಂಪು ಗೆರೆಯಲ್ಲಿ ಎಳೆದಿದ್ದಳು. ಗೆರೆಗಳೆಲ್ಲ ಮೇಜಿನಿಂದ ದೂರದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಓಡಾಡಿ ಕೋಳಿ ಕೆದರಿದ ತಿಪ್ಪೆಯಂತೆ ಕಾಣುತ್ತಿದ್ದವು. ಸೇತುವೆ ಕಟ್ಟಿಸುವ ಎಂಜಿನಿಯರೊಬ್ಬ, "ಅಜ್ಜ ಯಾಕ್ರೀ ಪ್ರತಿ ಸಲ ಕಿಟಕಿಗೆ ಹೋಗ್ತಾರೆ?" ಎಂದು ಕೇಳಿದ.

"ಹಳೇ ಚಾಳಿ. ಹೊರಗೆ ಯಾರಾದ್ರೂ ಕಾಣ್ತಾರಾ ಅಂತ ನೋಡ್ತಾರೇನೋ," ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು.

ಕಾರ್ಖಾನೆಯ ಮ್ಯಾನೇಜರ ಎದುರಿಗೂ ಅದನ್ನು ತೋರಿಸುವುದಿತ್ತು. ಅದಕ್ಕೆಂದು ಮನೆಯಲ್ಲಿ ಕೂತು ಚಿತ್ರವನ್ನು ಕತ್ತರಿಸುತ್ತಿದ್ದಾಗ ಕಿಟಕಿಯ ಭಾಗ ನಿಧಾನವಾಗಿ ಓಡಿತು. ಅವನು ಹೊರಗೆ ನೋಡುತ್ತಲೇ ಇರಲಿಲ್ಲ. ಗೇಜನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿಗೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಮುಳ್ಳನ್ನು ಹುಡುಕುತ್ತಿದ್ದ. ಕಣ್ಣು ಹೋಗುತ್ತಿತ್ತು. ಅಳತೆ ಓದಲಾಗದವನನ್ನು ಆ ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ಕೆಲಸಕ್ಕೆ ತಳ್ಳುತ್ತಾರೆ. ಅವನು ಅದನ್ನೇ ಮುಚ್ಚಿಟ್ಟು ದಿನ ದೂಡುತ್ತಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು.

ಇದನ್ನು ನನಗೆ ಹೇಳುವಾಗ ಅವಳು ತಲೆ ಎತ್ತಲಿಲ್ಲ. "ಸ್ಟೋರಿನವರನ್ನ ಕೇಳಿದೆ, ಸೂಪರ್‌ವೈಸರ್‌ನ ಕೇಳಿದೆ ದೊಡ್ಡಪ್ಪ. ಯಾಕೆ ಅಂತ ಮಾಮ ಒಬ್ರನ್ನೇ ಕೇಳ್ಲಿಲ್ಲ."

"ಈಗ ಕೇಳು."

"ಯಾವ ಮುಖ ಇಟ್ಕೊಂಡು ಕೇಳ್ಲಿ?"

ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಅವನಿದ್ದ ಕಡೆ ಬೆನ್ನು ಹಾಕಿ ಕೂರತೊಡಗಿದಳು. ಚಿತ್ರದಿಂದ ಕಿಟಕಿಯ ಭಾಗವನ್ನೆಲ್ಲ ಕತ್ತರಿಸಿ, ಮೇಜುಗಳ ಹತ್ತಿರ ಬೆಳಕು ಸಾಲದು, ದೀಪ ಹಾಕಿಸಿದರೆ ಓಡಾಟ ತಪ್ಪುತ್ತದೆ ಎಂದು ಮುಗಿಸಿದಳು. ಮ್ಯಾನೇಜರು ತಲೆದೂಗಿದರು. ಕೂದಲೆಳೆ ಅದೇ ಇಸ್ತ್ರಿ ಶರ್ಟಿನಲ್ಲಿ ಮುಂದಿನ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ತನ್ನ ಕೈ ಕಂಡಾಗಲೆಲ್ಲ ಹಿಂದಿದ್ದವರತ್ತ ತಿರುಗಿ ನೋಡುತ್ತಿದ್ದನಂತೆ. ಕಾಲೇಜಿನಲ್ಲಿ ಒಳ್ಳೆಯ ಅಂಕವೂ ಬಂತು. ಮನೆಗೆ ಬಂದವಳು ಅಂಕದ ಮಾತನ್ನು ಗಂಡನಿಗೂ ಹೇಳಲಿಲ್ಲ.

ದೀಪ ಹಾಕಿದ ಮೇಲೆ, ವೈಂಡಿಂಗ್ ಮುಗಿದ ಒಂದು ಮೋಟಾರನ್ನು ಕೊಡಲು ನಾನೇ ಆ ಕಾರ್ಖಾನೆಗೆ ಹೋಗಿದ್ದೆ. ಅವಳು ನನ್ನ ಜೊತೆ ಕೂದಲೆಳೆಯ ಮೇಜಿನ ಪಕ್ಕದಲ್ಲೇ ನಡೆದಳು. ಅವನು ದೀಪದ ಕೆಳಗೆ ಕೂತು ಗೇಜು ನೋಡಿ, "ಪಸಂದಾಗಿದೆ ಕಣಮ್ಮ ದೀಪ!" ಎಂದ. ನಾಲ್ಕು ಹೆಜ್ಜೆ ದಾಟಿ ಇಬ್ಬರೂ ತಿರುಗಿ ನೋಡಿದೆವು. ಆ ಶಾಫ್ಟನ್ನೂ ಗೇಜನ್ನೂ ಎತ್ತಿಕೊಂಡು ಅವನು ಕಿಟಕಿಯತ್ತ ಹೊರಟಿದ್ದ.

ಅವಳು ಹಿಂದೆಯೇ ಹೋದಳು. ಮೋಟಾರು ಕೆಳಗಿಟ್ಟು ನಾನೂ ಹೋದೆ.

"ಮಾಮ, ಯಾಕೆ ಇಲ್ಲಿಗೆ ಬರ್ತೀರಿ?"

ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಬೆಚ್ಚಿದ. "ಅಲ್ಲ ಕಣಮ್ಮ... ನೀನು ಕಷ್ಟಪಟ್ಟು ಹಾಕ್ಸಿದ ದೀಪ. ನಿನ್ನೆದುರಿಗೆ ಎದ್ದು ಬಂದ್ರೆ ನಿನಗೆ ಅವಮಾನ ಆಗುತ್ತೆ ಅಂತ ಕೂತಿದ್ದೆ. ದೀಪದಲ್ಲೇನೂ ದೋಷ ಇಲ್ಲ."

"ದೀಪದ ಮಾತು ಬಿಡಿ."

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. "ಎರಡು ಕಣ್ಣೂ ಮಂಜು," ಎಂದ. "ಮನೇಲೂ ಹೇಳಿಲ್ಲ."

"ನಂಗೆ ಗೊತ್ತಿತ್ತು ಮಾಮ. ಗೊತ್ತಾದ್ಮೇಲೂ ಸುಮ್ನಿದ್ದೆ. ಅದಕ್ಕಿಂತ ಮುಂಚೆ ಕ್ಲಾಸಲ್ಲಿ ನಿಮ್ಮ ವಿಡಿಯೊ ಹಾಕಿ ಎಲ್ಲರನ್ನೂ ನಗಿಸ್ದೆ. ನೀವು ಕೆಲಸ ಬಿಟ್ಟು ಹೊರಗೆ ನೋಡ್ತಾ ನಿಲ್ತೀರಿ ಅಂದೆ."

ಅವನು ಬಹಳ ಹೊತ್ತು ಶಾಫ್ಟನ್ನು ಬಟ್ಟೆಯಿಂದ ಒರೆಸಿದ. ಆಗಲೇ ಫಳಫಳ ಹೊಳೆಯುತ್ತಿದ್ದುದನ್ನೇ ಒರೆಸಿದ.

"ಶರ್ಟಿಗೆ ಸುಮ್ನೆ ಇಸ್ತ್ರಿ ಮಾಡ್ಸಿದೆ ಹಾಗಾದ್ರೆ," ಎಂದ. ನಗಿಸಲೆಂದು ಹೇಳಿದ ಮಾತು, ಯಾರೂ ನಗಲಿಲ್ಲ.

ಗೇಜನ್ನು ಶಾಫ್ಟಿಗೆ ಹಚ್ಚಿ ಅವಳ ಮುಂದೆ ಹಿಡಿದ. "ಓದು."

ತುಟಿಯಲ್ಲೇ ಓದಿದಳು.

"ಜೋರಾಗಿ ಓದಮ್ಮ, ಕಿವಿ ಇನ್ನೂ ಚೆನ್ನಾಗಿದೆ."

ಮತ್ತೆ ಓದಿದಳು. ಅವನು ಓದಿಕೊಂಡಿದ್ದು ಬೇರೆಯಿತ್ತು ಎಂದು ಅವನ ಮುಖದಲ್ಲೇ ತಿಳಿಯಿತು. ಶಾಫ್ಟನ್ನು ಬೇಡವಾದವುಗಳ ಬುಟ್ಟಿಗೆ ಹಾಕಿದ.

"ಕಣ್ಣಾಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೀನಿ ಮಾಮ. ಮ್ಯಾನೇಜರಿಗೂ ನಾನೇ ಹೇಳ್ತೀನಿ."

"ಆಸ್ಪತ್ರೆಗೆ ಬಾ. ಅವರಿಗೆ ಮಾತ್ರ ನೀನು ಹೇಳ್ಬೇಡ. ನನ್ನ ವಿಷಯ ನೀನು ಹೇಳಿದ್ದು ಸಾಕು."

ಗೇಜನ್ನು ಅವಳ ಕೈಗೆ ಕೊಟ್ಟು, ಮೇಜಿನ ಹತ್ತಿರ ನಿಂತು ದೀಪ ಆರಿಸಿ, ಮ್ಯಾನೇಜರ ಕೋಣೆಯ ಕಡೆಗೆ ನಡೆದ. ಅವಳು ಹಿಂದೆ ಹೋಗಲಿಲ್ಲ. ಕೈಯಲ್ಲಿದ್ದ ಗೇಜನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯ ಬಳಿಯೇ ನಿಂತಿದ್ದಳು.