ಅಕ್ಕ ಮತ್ತೆ ಪುಡಿ ಮಾಡಿಸಿದ ಅಣಬೆ

ಮೊನ್ನೆ ಸ್ಯಾನ್ ಹೊಸೆಯ ಬೆರ್ರಿಯೆಸಾ ಬಡಾವಣೆಯ ಗ್ರೋಸರಿ ಅಂಗಡಿಯಿಂದ ತಂದ ಒಣ ಅಣಬೆಯ ಪೊಟ್ಟಣ ಕತ್ತರಿಸಿದೆ. ಹಳೆಯ ಗೋಣಿಚೀಲದಂಥ ವಾಸನೆ ಅಡುಗೆಮನೆಯಲ್ಲಿ ಹರಡಿತು. ಎಂಬತ್ತರ ದಶಕದಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ ನೆನಪಾದರು...

ಇದೇ ಊರಿನ ಒಂದು ಸಣ್ಣ ಲ್ಯಾಬಿನಲ್ಲಿ ನಾವಿಬ್ಬರೇ ಕನ್ನಡದವರು. ನಾನು ಮೈಸೂರಿನಿಂದ ಬಂದ ಹೊಸಬಳು. ಅವರು ಧಾರವಾಡದವರು, ನನಗಿಂತ ತುಂಬ ಹಿರಿಯರು. ಪೊಲೀಸರು ಹಿಡಿದ ಅಮಲಿನ ಅಣಬೆಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳಲ್ಲಿ ಅಮಲಿನ ಅಂಶ ಎಷ್ಟಿದೆ ಎಂದು ಅಳೆದು ಬರೆದುಕೊಡುವುದು ನಮ್ಮ ಕೆಲಸ. ಮೊದಮೊದಲು ತಕ್ಕಡಿಯ ಮುಂದೆ ನಾನು ಪುಡಿ ಚೆಲ್ಲುತ್ತಿದ್ದೆ. ಅಕ್ಕ ತಮ್ಮ ರೊಟ್ಟಿಯ ಡಬ್ಬಿಯನ್ನು ನನ್ನತ್ತ ಸರಿಸಿ, "ಉಣ್ಣು ತಂಗಿ, ಹೊಟ್ಟಿ ತುಂಬಿದ್ರ ಪುಡಿ ಚೆಲ್ಲೂದಿಲ್ಲ" ಎನ್ನುತ್ತಿದ್ದರು.

ಒಮ್ಮೆ, ಗೆಳೆಯ ಕೊಟ್ಟ ಅಣಬೆ ತಿಂದ ಹುಡುಗಿಯೊಬ್ಬಳು ಮಹಡಿಯಿಂದ ಬಿದ್ದು ಆಸ್ಪತ್ರೆ ಸೇರಿದ್ದಳು. ಅವನು ಬೇಕೆಂದೇ ಅತಿ ಜೋರಾದದ್ದನ್ನು ಕೊಟ್ಟನೇ ಎಂಬುದು ಕೇಸಿನ ಪ್ರಶ್ನೆ. ಮಿಕ್ಕ ಅಣಬೆ ನನ್ನ ಮೇಜಿಗೆ ಬಂತು. ಅವಸರದಲ್ಲಿ ನಾನು ಕೊಡೆಯಂಥ ಕೆಲವು ತಲೆಗಳನ್ನಷ್ಟೇ ಪುಡಿ ಮಾಡಿ ಪರೀಕ್ಷೆಗಿಟ್ಟೆ. ಅಂಕಿ ಬಹಳ ಮೇಲೆ ಬಂತು. ಪರಿಶೀಲಿಸಬೇಕಾದ ಅಕ್ಕ ನನ್ನನ್ನು ನಂಬಿ ಸಹಿ ಹಾಕಿದರು, ವರದಿ ಪೊಲೀಸರಿಗೆ ಹೋಯಿತು.

ಎರಡು ದಿನ ಬಿಟ್ಟು, ಎತ್ತಿಡುವ ಮುನ್ನ ಅವರು ಆ ಅಣಬೆಯ ಚೀಲ ತೆರೆದು ನೋಡಿದರು. "ದಂಟೆಲ್ಲಾ ಇಲ್ಲೇ ಅವಲ್ಲ ತಂಗಿ?"

ತಲೆಗಳನ್ನಷ್ಟೇ ಅರೆದೆನೆಂದು ಒಪ್ಪಿಕೊಂಡೆ. ಅಕ್ಕ ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ತಲಿಯೊಳಗ ಒಂದು ನಮೂನಿ ಇರ್ತದ, ದಂಟಿನೊಳಗ ಒಂದು ನಮೂನಿ. ಎಲ್ಲಾ ಕೂಡಿಸಿದ್ರನ ಖರೆ ಅಂಕಿ ಬರ್ತದ."

ಮತ್ತೆ ಶುರು ಮಾಡಿದೆವು. ಉಳಿದ ತಲೆ, ದಂಟುಗಳನ್ನೆಲ್ಲ ಬಿಸಿ ತಾಗಿಸದೆ, ತೇವ ಹೀರುವ ಹರಳುಗಳಿದ್ದ ಗಾಜಿನ ಪಾತ್ರೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೂ ಕಾದೆವು. ಮೊದಲ ಪರೀಕ್ಷೆಯಲ್ಲಿ ಉಳಿದಿದ್ದ ಪುಡಿಯನ್ನೂ ಸೇರಿಸಿ ನುಣ್ಣಗೆ ಅರೆದು, ಚೆನ್ನಾಗಿ ಬೆರೆಸಿ, ಬೇರೆ ಬೇರೆ ಕಡೆಯಿಂದ ಚಿಟಿಕೆ ತೆಗೆದೆವು. ಅಂಕಿ ಅರ್ಧಕ್ಕಿಳಿಯಿತು.

ಅಕ್ಕ ಮ್ಯಾನೇಜರ್ ಬಳಿ ಹೋಗಿ, ಹಳೆಯ ವರದಿ ಹಿಂಪಡೆಯಬೇಕೆಂದರು. ತಪ್ಪು ಯಾರದು ಎಂದು ಅವನು ಕೇಳಿದ. ಬಾಗಿಲ ಬಳಿ ನಾನೂ ನಿಂತಿದ್ದೆ. ನನ್ನ ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಒಂದು ಹೆಜ್ಜೆ ಹಿಂದೆ ಸರಿದೆ... ಸಹಿ ತನ್ನದು, ತಪ್ಪೂ ತನ್ನದೇ ಎಂದು ಅಕ್ಕ ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿದರು.

ಗೆಳೆಯನ ಮೇಲಿದ್ದ ದೊಡ್ಡ ಆರೋಪ ಬಿದ್ದುಹೋಯಿತು. ಅಕ್ಕನನ್ನು ಮುಂದಿನ ಕೋಣೆಗೆ, ಬಂದ ಪಾರ್ಸೆಲುಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ಅವರ ಮೇಜು ನನಗೆ ಸಿಕ್ಕಿತು.

"ನಾನೇ ಹೋಗಿ ಹೇಳಿಬಿಡ್ತೀನಿ ಅಕ್ಕ" ಎಂದೆ ಒಂದು ಮಧ್ಯಾಹ್ನ.

"ಏನ್ ಹೇಳ್ತಿ? ಖರೆ ಅಂಕಿ ಹೋಗ್ಯದ. ಮುಗೀತು." ಚೀಟಿ ಅಂಟಿಸುತ್ತಲೇ ಇದ್ದರು. ನಾನು ಅಷ್ಟಕ್ಕೇ ಸುಮ್ಮನಾದೆ. ಸುಮ್ಮನಾಗುವುದೂ ಎಷ್ಟು ಸುಲಭವಿತ್ತು...

ಹೋದ ವರ್ಷ ಅಕ್ಕ ಪಕ್ಕದೂರು ಸರಟೋಗಾದಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ನನಗೆ ತಡವಾಗಿ ತಿಳಿಯಿತು. ಅಣಬೆ ತಂದ ಮರುದಿನವೇ ಹೋಗಿ ಮಗಳಿಗೆ ಎಲ್ಲವನ್ನೂ ಹೇಳಿದೆ. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡು, "ಷಿ ನೆವರ್ ಟೋಲ್ಡ್ ಅಸ್, ಆಂಟಿ" ಎಂದಳು. ಕಣ್ಣು ಸೋತಿದೆ ಎಂದು ತಾವೇ ಆ ಕೆಲಸ ಬಿಟ್ಟದ್ದಾಗಿ ಅಕ್ಕ ಮನೆಯಲ್ಲಿ ಹೇಳಿದ್ದರಂತೆ.

ಫ್ರೀವೇಯಲ್ಲಿ ವಾಪಸ್ ಬರುವಾಗ ಮನಸ್ಸು ಹಗುರಾಗಬಹುದೆಂದು ಕಾದೆ. ಆಗಲಿಲ್ಲ. ಕ್ಷಮಿಸಬೇಕಾದವರು ಮಗಳಲ್ಲ.