ಅಳುವ ರಾಗಕ್ಕೆ ಸತ್ತವರು ಯಾರು?

ನನ್ನ ಮೊಮ್ಮಗಳು ಅಮೆರಿಕದ ಆಸ್ಟಿನ್‌ನಲ್ಲಿ ಡಾಕ್ಟರೇಟ್ ಪಾಸಾದಳು! ಹಳೆಯ ಕಾಲದ ಜರ್ಮನ್ ಸಿಂಫನಿಗಳು ಅಷ್ಟೊಂದು ಅಳುವುದಕ್ಕೆ ಆಗಿನ ಬಿರುಗಾಳಿಯಂಥ ಕಥೆ, ನಾಟಕಗಳು ಕಾರಣವೇ ಎಂಬುದು ಅವಳ ವಿಷಯ. ಅಲ್ಲ, ಅದು ಬರೀ ವಾಡಿಕೆ ಎಂಬುದು ಅವಳ ವಾದ. ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ದುಃಖವಿಲ್ಲದೆ ಯಾರಾದರೂ ಅಳುವ ರಾಗ ಕಟ್ಟುತ್ತಾರೆಯೇ ಎಂದು ಪರೀಕ್ಷೆಗೆ ಕೂತಿದ್ದ ಪ್ರೊಫೆಸರ್ ಪಟ್ಟು ಹಿಡಿದರು. ಅವಳು ಹಿಂದೆ ಕೂತಿದ್ದ ನನ್ನ ಕಡೆ ತಿರುಗಿ, "ಅಜ್ಜಿ, ಮದುವೇಲಿ ಹೆಣ್ಣೊಪ್ಪಿಸೋ ಹಾಡು ಹಾಡು, ಪ್ಲೀಸ್" ಎಂದಳು.

ಎದ್ದು ಹಾಡಿದೆ. ಪ್ರೊಫೆಸರ್ ಕಣ್ಣೊರೆಸಿಕೊಂಡು, ಸತ್ತವರು ಯಾರೆಂದು ಕೇಳಿದರು.

"ಯಾರೂ ಸತ್ತಿಲ್ಲಪ್ಪ! ಹುಡುಗಿ ಪಕ್ಕದ ಬೀದಿಗೆ ಹೋಗ್ತಾಳೆ, ಅಷ್ಟೇ. ಅತ್ತಾದ್ಮೇಲೆ ಎಲ್ಲಾರೂ ಹೋಳಿಗೆ ತಿಂತೀವಿ!"

ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಪ್ರೊಫೆಸರ್ ನಕ್ಕು ಸೋಲೊಪ್ಪಿ ಅವಳ ಕೈ ಕುಲುಕಿದರು.

ಸಂಜೆ ಪಕ್ಕದೂರು ಫ್ಲೂಗರ್‌ವಿಲ್‌ನ ಮಗಳ ಮನೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು, ವಾಡಿಕೆಯಂತೆ ಮೊದಲು ಒಂದಿಷ್ಟು ಅತ್ತು, ಆಮೇಲೆ ಹೋಳಿಗೆ ತಿಂದೆವು.